ಬಾವಿಯಲ್ಲಿ ನನ್ನದೊಂದು ಪಾಳಿ

ನನ್ನ ತೂಕ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವುದು ಬಿಟ್ಟು ನೀವು ಅದನ್ನೇ ಅಂದಾಜು ಮಾಡುತ್ತ ಕೂರುತ್ತೀರಿ. ರೋಗ ಗೊತ್ತಾದ ದಿನ ತೊಂಬತ್ತಾರು ಕೆಜಿ. ಇವತ್ತು ಎಂಬತ್ತೈದು. ದಪ್ಪಗಿದ್ದವಳು ಬಳ್ಳಿಯಾದ ಕಥೆ ಓದಲು ಬಂದಿದ್ದರೆ ಇಲ್ಲಿಗೇ ನಿಲ್ಲಿಸಿ, ನನಗೇನೂ ಬೇಜಾರಿಲ್ಲ. ನಾನು ಬಳ್ಳಿಯಾಗಿಲ್ಲ, ಆಗುವ ಆಸೆಯೂ ಇಲ್ಲ. ಬದುಕುವ ಆಸೆ ಇತ್ತು, ಅದರ ಕಥೆ ಇದು.

ಹೆಸರು ನೀಲವ್ವ, ವಯಸ್ಸು ನಲವತ್ತೇಳು. ಹುಟ್ಟಿದ್ದು ಮೂಡಲಗಿ ಕಡೆಯ ಕುರಿಗಾರರ ಮನೆಯಲ್ಲಿ. ಕೊಟ್ಟದ್ದು ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯ ಒಕ್ಕಲುತನದ ಮನೆಗೆ. ಗಂಡ ಸಿದ್ದಪ್ಪ, ಮಾತು ಕಡಿಮೆಯ ಮನುಷ್ಯ. ಅವರ ಅಣ್ಣ ಭರಮಪ್ಪ, ನನಗೆ ಭಾವ, ಪಕ್ಕದ ಮನೆಯಲ್ಲಿದ್ದಾರೆ. ನಮ್ಮ ಅತ್ತೆ ಯಲ್ಲವ್ವ ನಮ್ಮ ಜೊತೆಗೇ ಇರುತ್ತಾರೆ. ಹೊಲ ಅಣ್ಣತಮ್ಮಂದಿರಿಗೆ ಹಂಚಿಕೆಯಾಗಿದೆ, ಬಾವಿ ಮಾತ್ರ ಜಂಟಿ. ಒಂದು ದಿನ ಭಾವನ ಪಾಳಿ, ಒಂದು ದಿನ ನಮ್ಮ ಪಾಳಿ. ಯಾರ ಪಾಳಿಯೋ ಅವರೇ ಮೋಟರ್ ಚಾಲೂ ಮಾಡಿ ಕಬ್ಬಿಗೆ ನೀರು ಹಾಯಿಸಬೇಕು. ಕರೆಂಟು ಕೊಡುವುದೇ ಕೆಲವು ತಾಸು, ಆದ್ದರಿಂದ ಪಾಳಿಯ ಒಂದೊಂದು ನಿಮಿಷಕ್ಕೂ ನಮ್ಮಲ್ಲಿ ಬೆಲೆ ಇದೆ. ಪಾಳಿ ತಪ್ಪಿದ್ದಕ್ಕೆ ತಲೆ ಒಡೆದುಕೊಂಡವರೂ ಇದ್ದಾರೆ.

ಮೊಣಕಾಲು ನೋವು ಎಂದು ಗೋಕಾಕದ ಒಂದು ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಕಾಲು ನೋಡಿ, ರಕ್ತ ಪರೀಕ್ಷೆ ಬರೆದು, ಹೊಟ್ಟೆಯ ಸ್ಕ್ಯಾನಿಂಗ್ ಕೂಡ ಬರೆದರು. ಹೊರಗೆ ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳು. ನನ್ನಂಥವಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವಾಗ ಸುತ್ತಲಿನವರೆಲ್ಲ ಒಂದು ಕ್ಷಣ ಉಸಿರು ಹಿಡಿಯುತ್ತಾರೆ, ನಾನೂ ಹಿಡಿಯುತ್ತೇನೆ. ಪಕ್ಕದಲ್ಲಿದ್ದ ಹೆಂಗಸು ನನ್ನ ಹೊಟ್ಟೆ ನೋಡಿ ಬಹಳ ಅಕ್ಕರೆಯಿಂದ ಕೇಳಿದಳು.

"ಎಷ್ಟನೇ ತಿಂಗಳವ್ವಾ?"

"ಇಪ್ಪತ್ತು ವರ್ಷ ಆತ್ರಿ, ಇನ್ನೂ ಹೊರಗ ಬರವಲ್ದು," ಎಂದೆ.

ಅವಳು ನಾಚಿ ಸೆರಗು ಬಾಯಿಗೆ ಇಟ್ಟುಕೊಂಡಳು. ಆಮೇಲೆ ಇಬ್ಬರೂ ನಕ್ಕೆವು. ಅವಳ ಗಂಡನಿಗೆ ಕಿಡ್ನಿ ತೊಂದರೆ. ನನ್ನ ಟೋಕನ್ ಕರೆದಾಗ ಅವಳು ನನ್ನ ಕೈ ಹಿಡಿದು ಒಮ್ಮೆ ಅದುಮಿದಳು. ಹೆಸರು ಕೇಳಬೇಕಿತ್ತು, ಕೇಳಲಿಲ್ಲ. ಒಳಗೆ ಸ್ಕ್ಯಾನಿಂಗ್ ಮಾಡುವ ಹುಡುಗಿ ಹೊಟ್ಟೆಗೆ ಹಚ್ಚುವ ಅಂಟನ್ನು ಮೊದಲು ತನ್ನ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ, "ತಣ್ಣಗ ಅನಸತೈತಿ ಅಕ್ಕಾ, ಹೆದರಬ್ಯಾಡ್ರಿ," ಎಂದಳು. ಅವತ್ತು ನನ್ನ ಹೊಟ್ಟೆಯನ್ನು ಮುಖ ಕಿವುಚದೆ ಮುಟ್ಟಿದ್ದು ಅವಳೊಬ್ಬಳೇ.

ಡಾಕ್ಟರಮ್ಮ ಹೇಳಿದ್ದು ಇಷ್ಟು. ಸಕ್ಕರೆ ಕಾಯಿಲೆ ಬಂದಿದೆ. ಅದಕ್ಕಿಂತ ದೊಡ್ಡ ಮಾತು, ಲಿವರಿನಲ್ಲಿ ಕೊಬ್ಬು ತುಂಬಿದೆ, ಅದು ಗಟ್ಟಿಯಾಗಲು ಶುರುವಾಗಿದೆ. "ಈಗ ಹಿಂದ ತಿರುಗಿದ್ರ ದಾರಿ ಐತ್ರಿ. ಇನ್ನ ಸ್ವಲ್ಪ ಮುಂದ ಹೋದ್ರ ದಾರಿ ಇರೂದಿಲ್ಲ," ಎಂದರು. ಸೊಂಟದ ಕೊಬ್ಬು ಊರಿಗೆಲ್ಲ ಕಾಣುತ್ತಿತ್ತು, ಅದಕ್ಕೆ ನಾನು ಅಂಜಿರಲಿಲ್ಲ. ಒಳಗಿನದು ಯಾರಿಗೂ ಕಂಡಿರಲಿಲ್ಲ. ನನಗೆ ಹೆದರಿಕೆಯಾಯಿತು.

ಹೊರಗೆ ಬಂದ ಮೇಲೆ ನನ್ನ ಗಂಡ ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದರು.

"ಲಿವರ್ ಹೋಗೂದು ಕುಡಿಯೋರದಲ್ಲ? ನಿನಗ ಹೆಂಗ ಬಂತ?"

"ನೀವು ಹೊಲಕ್ಕ ಹೋದ ಮ್ಯಾಲ ದಿನಾ ಒಂದ ಬಾಟಲಿ ಹೊಡೀತೇನ್ರಿ," ಎಂದೆ. ಒಂದು ಗಳಿಗೆ ನಂಬಿಯೇಬಿಟ್ಟರು! ನಗಬೇಕೆಂದುಕೊಂಡೆ, ಕಣ್ಣಲ್ಲಿ ನೀರು ಬಂತು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನಗೆ ಎರಡೂ ಬರುವುದಿಲ್ಲ. ಆದರೆ ನಮ್ಮ ಕಡೆಯ ಹೆಂಗಸರು ಹೇಗೆ ಉಣ್ಣುತ್ತಾರೆ ಎಂದು ಗಾದೆ ಕಟ್ಟಿದವನು ನೋಡಿರಲಿಕ್ಕಿಲ್ಲ. ಎಲ್ಲರದೂ ಆದ ಮೇಲೆ ಕೂರುತ್ತೇವೆ. ಅನ್ನ ಚೆಲ್ಲಬಾರದು ಎಂದು ಪಾತ್ರೆಯಲ್ಲಿ ಉಳಿದದ್ದೆಲ್ಲ ನಮ್ಮ ತಾಟಿಗೆ. ಮಕ್ಕಳು ಬಿಟ್ಟ ಅರ್ಧ ರೊಟ್ಟಿ, ತಳ ಹಿಡಿದ ಅನ್ನ, ನಿನ್ನೆಯ ಹೋಳಿಗೆ. ಇಪ್ಪತ್ತೈದು ವರ್ಷ ಈ ಮನೆಯಲ್ಲಿ ಒಂದು ಅಗುಳೂ ಹಾಳಾಗಿಲ್ಲ, ನಾನು ಹಾಳಾದೆ.

ಡಾಕ್ಟರಮ್ಮ ಗುಳಿಗೆ ಕೊಟ್ಟು, ಸಕ್ಕರೆ ಬಿಡಿ ಎಂದಿದ್ದರು. ನಾನು ಮಾತು ಕೊಟ್ಟರೆ ಕೊಟ್ಟಹಾಗೆ. ಅವತ್ತೇ ಸಕ್ಕರೆ ಡಬ್ಬಿಯನ್ನು ಭಾವನ ಮನೆಗೆ ಸಾಗಿಸಿದೆ. ಚಹಾಕ್ಕೆ ಬೆಲ್ಲ ಹಾಕಿದೆ. ನಮ್ಮದೇ ಕಬ್ಬು, ನಮ್ಮ ಕಣ್ಣೆದುರೇ ಕಾಯಿಸಿದ ಬೆಲ್ಲ, ಔಷಧಿ ಹಾಕದ ಕಪ್ಪು ಬೆಲ್ಲ. ಅದು ಸಕ್ಕರೆ ಹೇಗಾದೀತು? ಗುಳಿಗೆಯಿಂದ ಸುಸ್ತು ಎನ್ನಿಸಿದಾಗ, ಶಕ್ತಿಗೆ ಇರಲಿ ಎಂದು ಬೆಲ್ಲದ ಪಾಕದಲ್ಲಿ ಅಂಟು, ಒಣಹಣ್ಣು ಹಾಕಿ ಮಾಡುವ ಕರದಂಟು ದಿನಕ್ಕೆರಡು ತುಂಡು ತಿಂದೆ. ಬಾಣಂತಿಗೆ ಕೊಡುವುದು, ಕುಸ್ತಿ ಹಿಡಿಯುವವರಿಗೆ ಕೊಡುವುದು, ನನಗೆ ಕೊಟ್ಟರೆ ತಪ್ಪೇನು? ಆರು ತಿಂಗಳು ಹೀಗೆ ಬಹಳ ನಿಯತ್ತಿನಿಂದ ಪಥ್ಯ ಮಾಡಿದೆ.

ಆರು ತಿಂಗಳ ಮೇಲೆ ಪರೀಕ್ಷೆ ಮಾಡಿಸಿದರೆ ಎಲ್ಲವೂ ಮೊದಲಿಗಿಂತ ಕೆಟ್ಟಿತ್ತು. ತೂಕ ಎರಡು ಕೆಜಿ ಏರಿತ್ತು.

"ಸಕ್ಕರೆ ಬಿಟ್ಟೀರಿಲ್ಲೋ?" ಡಾಕ್ಟರಮ್ಮ ಕೇಳಿದರು.

"ಮನಿಯೊಳಗ ಒಂದ ಕಾಳಿಲ್ರಿ. ಬರೇ ಬೆಲ್ಲ," ಎಂದು ಎದೆಯುಬ್ಬಿಸಿ ಹೇಳಿದೆ. ಅಷ್ಟಕ್ಕೇ ನಿಲ್ಲಲಿಲ್ಲ. ಅವರಿಗೆಂದೇ ಒಯ್ದಿದ್ದ ಕರದಂಟಿನ ಡಬ್ಬಿಯನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ.

ಅವರು ಪೆನ್ನು ಕೆಳಗಿಟ್ಟರು. ಡಬ್ಬಿಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ನೀಲವ್ವಾರ, ಲಿವರಿಗೆ ಬೆಲ್ಲಾನೂ ಸಕ್ಕರೀನ. ಯಾರ ಹೊಲದ ಕಬ್ಬು ಅಂತ ಅದು ಕೇಳೂದಿಲ್ಲ," ಎಂದರು. ಆರು ತಿಂಗಳು ನಾನು ರೋಗಕ್ಕೇ ಬಾಣಂತನ ಮಾಡಿದ್ದೆ. ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ, ಬಸ್‌ಸ್ಟ್ಯಾಂಡಿನವರೆಗೂ ಗಂಡನ ಜೊತೆ ಮಾತಾಡಲಿಲ್ಲ.

ಆದರೆ ಏಳುವ ಮುಂಚೆ ಅವರು ಇನ್ನೊಂದು ಮಾತು ಕೇಳಿದ್ದರು. ನಡೆಯಿರಿ ಎಂದರೆ ನನ್ನ ಮೊಣಕಾಲು ಒಪ್ಪುವುದಿಲ್ಲ, ಕೂತರೆ ಕೊಬ್ಬು ಕರಗುವುದಿಲ್ಲ. "ಈಸಾಕ ಬರತೈತೇನ್ರಿ?"

ಕುರಿಗಾರರ ಮಗಳಿಗೆ ಕೇಳುವ ಮಾತೇ ಅದು? ಉಣ್ಣೆ ಕತ್ತರಿಸುವ ಮುಂಚೆ ಕುರಿಗಳ ಮೈ ತೊಳೆಯಬೇಕು. ಹಿಂಡನ್ನು ಹೊಳೆಗೆ ಹೊಡೆದು, ಒಂದೊಂದನ್ನೇ ನೀರಿನಲ್ಲಿ ಹಿಡಿದು ತಿಕ್ಕಿ, ಈಸಿಸಿ ದಂಡೆಗೆ ಕಳಿಸಬೇಕು. ನಮ್ಮಪ್ಪ ಲಕ್ಕಪ್ಪ ನನ್ನ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಆರನೇ ವಯಸ್ಸಿಗೇ ನೀರಿಗೆ ಬಿಟ್ಟಿದ್ದ. ಎಂಟಕ್ಕೆ ಬುರುಡೆ ಬೇಕಾಗಲಿಲ್ಲ. ಹದಿಮೂರಕ್ಕೆ ಮೈನೆರೆದೆ. ಅವತ್ತು ಅವ್ವ "ಇನ್ನ ಹೊಳಿ ಸಾಕು" ಎಂದಳು. ಅದಾದ ಮೇಲೆ ಮೂವತ್ಮೂರು ವರ್ಷ ಕೊಡಪಾನದ ನೀರು ಬಿಟ್ಟರೆ ಬೇರೆ ನೀರು ಮೈಗೆ ತಾಗಿರಲಿಲ್ಲ.

ಈಜುಕೊಳ ಎಲ್ಲಿದೆ, ಹೆಂಗಸರನ್ನು ಯಾವ ಹೊತ್ತಿಗೆ ಬಿಡುತ್ತಾರೆ ಎಂದೆಲ್ಲ ನಾನು ವಿಚಾರಿಸಲಿಲ್ಲ. ಹೊಲದಲ್ಲೇ ಬಾವಿ ಇತ್ತು, ಇಳಿಯಲು ಕಲ್ಲಿನ ಮೆಟ್ಟಿಲಿದ್ದವು. ಒಂದು ದಿನ ಬೆಳಿಗ್ಗೆ ಗಂಡನ ಹಳೆಯ ತುಂಬುತೋಳಿನ ಅಂಗಿ, ಮಗಳ ಚೂಡಿದಾರದ ಪ್ಯಾಂಟು ಹಾಕಿಕೊಂಡು, ಸೀರೆಯನ್ನು ಮಡಚಿ ದಂಡೆಯ ಮೇಲಿಟ್ಟು, ಚಪ್ಪಲಿ ಅದರ ಪಕ್ಕ ಬಿಟ್ಟು ಇಳಿದೆ.

ನನ್ನ ಮೂರ್ಖತನ ಆಮೇಲೆ ತಿಳಿಯಿತು. ನಮ್ಮ ಕಡೆ ಬಾವಿ ದಂಡೆಯ ಮೇಲೆ ಹೆಣ್ಣುಮಗಳ ಸೀರೆ, ಚಪ್ಪಲಿ ಕಂಡರೆ ಊರಿಗೆ ಒಂದೇ ಅರ್ಥ. ರೋಗ ಬಂದ ಹೆಂಗಸು ಬೇರೆ. ನಾನು ಎದೆಮಟ್ಟ ನೀರಿನಲ್ಲಿ ನಿಂತು, ಮೂವತ್ಮೂರು ವರ್ಷದ ಮೇಲೆ ಮೈ ಹಗುರಾದದ್ದಕ್ಕೆ ಒಬ್ಬಳೇ ನಗುತ್ತಿದ್ದೆ. ಮೇಲಿನಿಂದ "ನೀಲವ್ವಾ, ಬ್ಯಾಡವ್ವಾ! ಮಕ್ಕಳ ಮಾರಿ ನೋಡ!" ಎಂಬ ಕೂಗು ಕೇಳಿತು. ಬಾಜೂ ಹೊಲದವರು ಮೂವರು ಹಗ್ಗ ಹಿಡಿದು ಓಡಿ ಬಂದಿದ್ದರು. ಅವರ ಹಿಂದೆ ನನ್ನ ಗಂಡ, ಬರಿಗಾಲಲ್ಲಿ, ಕೈಯಲ್ಲಿ ಇನ್ನೂ ಹಾಲಿನ ಚರಗಿ.

"ನಾ ಈಸಾಕತ್ತೇನ್ರಿ!" ಎಂದು ಕೂಗಿದೆ. ಯಾರೂ ನಂಬಲಿಲ್ಲ. ಬಾವಿಯ ಆ ತುದಿಗೆ ಈಜಿ ಹೋಗಿ ಈ ತುದಿಗೆ ಬಂದು ತೋರಿಸಿದ ಮೇಲೆ ನಂಬಿದರು. ಹಗ್ಗ ತಂದವರಲ್ಲಿ ಒಬ್ಬ, "ಏ, ಎಮ್ಮಿಗಿಂತ ಚಲೋ ಈಸತಾಳೋ!" ಎಂದ. ಅದನ್ನು ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ.

ಅವರೆಲ್ಲ ಹೋದ ಮೇಲೆ ನನ್ನ ಗಂಡ ಮೆಟ್ಟಿಲ ಮೇಲೆ ಕೂತರು. ಚರಗಿಯಲ್ಲಿ ಹಾಲು ಉಳಿದಿರಲಿಲ್ಲ.

"ಹೇಳಿ ಬರಬೇಕಿಲ್ಲೇನ?"

"ಹೇಳಿದ್ರ ಬಿಡತಿದ್ರೇನ್ರಿ?"

ಖಾಲಿ ಚರಗಿಯನ್ನು ಪಕ್ಕಕ್ಕಿಟ್ಟರು. ಆಮೇಲೆ, "ಬಿಡತಿರಲಿಲ್ಲ," ಎಂದರು. ಖರೆ ಹೇಳುವ ಗುಣ ಅವರಿಗೆ ಮೊದಲಿನಿಂದಲೂ ಇದೆ.

ಮರುದಿನದಿಂದ ಊರಿನಲ್ಲಿ ನನ್ನದೇ ಮಾತು. ನೀರು ತರುವಾಗ, ಗಿರಣಿಗೆ ಹೋದಾಗ ಹೆಂಗಸರು ನಕ್ಕರು. ಒಬ್ಬಳು ಬಾವಿ ತುಂಬಿ ಚೆಲ್ಲಿತೇ ಎಂದು ಕೇಳಿದಳು. ಚೆಲ್ಲಿದ್ದಕ್ಕೇ ನಿಮ್ಮ ಹೊಲದ ಮೆಣಸಿನಗಿಡ ಚಿಗಿತಿದೆ ಎಂದೆ. ಇದೆಲ್ಲ ನನಗೆ ತಾಗುತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ತಾಗುತ್ತಿತ್ತು. ಆದರೆ ಅದಕ್ಕಿಂತ ಹೆಚ್ಚು ಲಿವರ್ ತಾಗುತ್ತಿತ್ತು.

ಭಾವ ಮಾತ್ರ ನಗಲಿಲ್ಲ. ನೇರ ನಮ್ಮ ಅಂಗಳಕ್ಕೆ ಬಂದು, "ನನ್ನ ಪಾಳಿ ದಿನ ಬಾವ್ಯಾಗ ಯಾರೂ ಇಳಿಯಾಂಗಿಲ್ಲ. ಮೋಟರ್ ನಡೀತಿರತೈತಿ," ಎಂದು ನನ್ನ ಗಂಡನಿಗೆ ಹೇಳಿ ಹೋದರು. ನನ್ನ ಕಡೆ ನೋಡಲಿಲ್ಲ. ಮೋಟರ್ ಓಡುವಾಗ ನೀರಿಗೆ ಇಳಿಯಬಾರದು, ಅದು ಖರೆ. ಆದ್ದರಿಂದ ನಮ್ಮ ಪಾಳಿಯ ದಿನ ಮಾತ್ರ, ಮೋಟರ್ ಚಾಲೂ ಮಾಡುವ ಮುಂಚೆ ಈಜಿದೆ. ಒಂದು ದಿನ ಮನುಷ್ಯಳು, ಒಂದು ದಿನ ರೋಗಿ.

ಅತ್ತೆಗೆ ಈಜು ಬರುವುದಿಲ್ಲ. ಆದರೂ ಅವರು ದನ ಕಟ್ಟುವ ಹಗ್ಗ ತಂದು ನನ್ನ ನಡುವಿಗೆ ಕಟ್ಟಿ, ಇನ್ನೊಂದು ತುದಿಯನ್ನು ಮೇಲಿನ ಕಲ್ಲುಗೂಟಕ್ಕೆ ಸುತ್ತಿ, ಮೆಟ್ಟಿಲ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಬೇಡ ಎಂದರೆ, "ನೀ ಈಸು, ನಾ ಕಾಯತೇನಿ. ಅದರಾಗ ನಿಂದೇನ ಹೋಗತೈತಿ?" ಎನ್ನುತ್ತಿದ್ದರು. ಒಮ್ಮೆ ನಮ್ಮಪ್ಪ ಬಂದ. ಸಂತೆಯಲ್ಲಿ ಕುರಿ ನೋಡುವಂತೆ ನನ್ನ ಬೆನ್ನೆಲುಬಿನ ಮೇಲೆ ಹೆಬ್ಬೆರಳು ಊರಿ, ಮಾಂಸ ಎಷ್ಟು, ಕೊಬ್ಬು ಎಷ್ಟು ಎಂದು ಅಳೆದ. "ಎಲುಬು ಇನ್ನೂ ಸಿಗವಲ್ದು ಬೇ. ಕಾಲು ಮೊಣಕಾಲಿನಿಂದ ಬಡೀಬ್ಯಾಡ, ತೊಡಿಯಿಂದ ಬಡಿ," ಎಂದು ಹೇಳಿ ಹೋದ. ಅವನ ಮಾತಿನಂತೆ ಬಡಿದೆ. ಮೊಣಕಾಲು ನೋವು ಇಳಿಯತೊಡಗಿತು.

ಊಟವನ್ನೂ ಬದಲಿಸಿದೆ. ಬೆಲ್ಲವನ್ನೂ ಬಿಟ್ಟೆ. ಎಲ್ಲರ ಜೊತೆಗೇ ಕೂತು ಉಣ್ಣತೊಡಗಿದೆ, ಅದೇ ದೊಡ್ಡ ಕ್ರಾಂತಿ. ಒಂದೂವರೆ ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು, ಮಜ್ಜಿಗೆ. ಉಳಿದದ್ದು ಎಮ್ಮೆಗೆ. ಮದುವೆಮನೆಯಲ್ಲಿ ಎರಡನೇ ಹೋಳಿಗೆ ಬೇಡ ಎಂದರೆ ಬೀಗರು ಮುನಿಸಿಕೊಳ್ಳುತ್ತಿದ್ದರು. ಮುನಿಸಿಕೊಳ್ಳಲಿ, ನನ್ನ ಲಿವರ್ ಅವರೇನೂ ಹೊರುವುದಿಲ್ಲ.

ಆಮೇಲೆ ಇನ್ನೊಂದು ತಪ್ಪು ಮಾಡಿದೆ. ಬೇಗ ಇಳಿಯಲಿ ಎಂಬ ದುರಾಸೆಗೆ, ಬೆಳಗಿನ ಗುಳಿಗೆ ನುಂಗಿ ಏನೂ ತಿನ್ನದೆ ನೀರಿಗಿಳಿದೆ. ಎರಡು ಸುತ್ತು ಆಗುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು, ಕೈ ನನ್ನ ಮಾತು ಕೇಳಲಿಲ್ಲ. ಬಾಯಿಗೆ ನೀರು ಹೋಯಿತು. ಸಾಯುತ್ತೇನೆ ಎಂದುಕೊಂಡೆ, ಸಾವಿಗಿಂತ ಹೆಚ್ಚಾಗಿ, ಊರಿನವರು ಮೊದಲು ಅಂದುಕೊಂಡದ್ದೇ ಖರೆಯಾಗುತ್ತದಲ್ಲ ಎಂದು ಹೊಟ್ಟೆ ಉರಿಯಿತು. ನಡುವಿನ ಹಗ್ಗ ಬಿಗಿಯಿತು. ಎಪ್ಪತ್ತು ದಾಟಿದ ಅತ್ತೆ ಚೀರುತ್ತ, ಕಾಲು ಕಲ್ಲಿಗೆ ಊರಿ ಜಗ್ಗಿದರು. ಮೆಟ್ಟಿಲಿಗೆ ತಾಗಿದ ಕೂಡಲೇ ತಮ್ಮ ಸೊಂಟದ ಚೀಲದಿಂದ ಬೆಲ್ಲದ ಚೂರು ತೆಗೆದು ನನ್ನ ಬಾಯಿಗಿಟ್ಟು, "ನುಂಗು. ಡಾಕ್ಟರ್ ಬೈದ್ರ ನನ್ನ ಹೆಸರ ಹೇಳು," ಎಂದರು. ಡಾಕ್ಟರಮ್ಮ ಬೈದದ್ದು ನನಗೆ, ಗುಳಿಗೆ ನುಂಗಿ ಬರಿಹೊಟ್ಟೆಯಲ್ಲಿ ಇಳಿದು ರಕ್ತದ ಸಕ್ಕರೆ ಒಮ್ಮೆಲೇ ಬೀಳಿಸಿಕೊಂಡದ್ದಕ್ಕೆ, ಬೆಲ್ಲಕ್ಕಲ್ಲ. "ನಿಮ್ಮ ಅತ್ತಿಯವರಿಗೆ ನನ್ನ ನಮಸ್ಕಾರ ಹೇಳ್ರಿ," ಎಂದರು.

ಸುದ್ದಿ ಕೇಳಿ ಭಾವ ಬಂದರು. ಮೊದಲ ಸಲ ನನ್ನ ಜೊತೆಗೇ ಮಾತಾಡಿದರು.

"ಹಿಂದಕ ನಾ ಒಬ್ಬಾಕಿನ್ನ ಬಾವಿಯಿಂದ ಎತ್ತೇನಿ. ಈ ಕೈಲೇ. ಇನ್ನೊಬ್ಬಾಕಿನ್ನ ಎತ್ತಾಂಗಿಲ್ಲ."

ಅವರು ಯಾಕೆ ನಕ್ಕಿರಲಿಲ್ಲ ಎಂದು ಅವತ್ತು ಗೊತ್ತಾಯಿತು. ಅವರ ಮೇಲಿನ ಸಿಟ್ಟು ಪೂರ್ತಿ ಇಳಿಯಲಿಲ್ಲ, ಆದರೆ ಅಂದಿನಿಂದ ಮನಸ್ಸಿನಲ್ಲಿ ಬೈಯುವಾಗಲೂ ಸ್ವಲ್ಪ ತಡೆದು ಬೈದೆ. ಈಜು ಬಿಡಲಿಲ್ಲ. ಅರ್ಧ ರೊಟ್ಟಿ ತಿಂದು ಇಳಿದೆ, ಅತ್ತೆ ಇಲ್ಲದೆ ಇಳಿಯಲಿಲ್ಲ.

ಈಜು ಶುರುಮಾಡಿ ಒಂದು ವರ್ಷ ತುಂಬಿದ ಮೇಲೆ ಮತ್ತೆ ಸ್ಕ್ಯಾನಿಂಗ್. ಡಾಕ್ಟರಮ್ಮ ಹಳೆಯ ಚಿತ್ರ, ಹೊಸ ಚಿತ್ರ ಪಕ್ಕಪಕ್ಕ ಹಿಡಿದರು. ನನಗೆ ಎರಡೂ ಮೋಡದಂತೆಯೇ ಕಂಡವು. "ಕೊಬ್ಬು ಇಳದೈತಿ. ಗಟ್ಟಿತನಾನೂ ಕಡಿಮಿ ಆಗೈತಿ. ಹಿಂದ ತಿರುಗೀರಿ ನೀವು," ಎಂದರು. ನನ್ನ ಗಂಡ ಕಾರಿಡಾರಿನಲ್ಲಿ ನಿಂತು ಎಲ್ಲರ ಎದುರು ಕಣ್ಣೊರೆಸಿಕೊಂಡರು. ನಾನೂ ನಾಚದೆ ಅತ್ತುಬಿಟ್ಟೆ.

ಊರಿಗೆ ಬಂದರೆ ಭಾವನಿಗೂ ಖುಷಿ. ಖುಷಿಯಿಂದಲೇ ಹೇಳಿದರು: "ಗುಣ ಆತಲ್ಲ, ಚಲೋ ಆತು. ಇನ್ನ ಬಾವಿ ಬಂದ್ ಮಾಡು." ನನ್ನ ಗಂಡ ಏನೂ ಅನ್ನಲಿಲ್ಲ. ಆ ಮೌನ ನನಗೆ ರೋಗದ ಹೆಸರು ಕೇಳಿದ್ದಕ್ಕಿಂತ ಹೆಚ್ಚು ಚುಚ್ಚಿತು. ನೀರಿಗಿಳಿಯಲು ನನಗೆ ರೋಗದ ಚೀಟಿ ಬೇಕೇ? ಕೊಬ್ಬು ಮತ್ತೆ ಕೂಡಲಿ, ಆಮೇಲೆ ಈಜು ಎಂದೇ?

ಯುಗಾದಿ ಪಾಡ್ಯದ ದಿನ ಅಣ್ಣತಮ್ಮಂದಿರು ಬಾವಿಯ ಹತ್ತಿರ ಕಾಯಿ ಒಡೆದು ಆ ವರ್ಷದ ಪಾಳಿ ಗೊತ್ತು ಮಾಡುವುದು ರೂಢಿ. ಹೆಂಗಸರು ನೈವೇದ್ಯ ಕೊಟ್ಟು ಮನೆಗೆ ಹೋಗಬೇಕು. ಈ ಸಲ ನಾನು ಹೋಗಲಿಲ್ಲ.

"ನನಗೂ ಒಂದ ಪಾಳಿ ಬೇಕ್ರಿ, ಭಾವಾರ," ಎಂದೆ. "ಬೆಳಿಗ್ಗಿ ಆರರಿಂದ ಏಳು. ದಿನಾ. ನಿಮ್ಮ ದಿನಾನೂ. ಆ ಒಂದ ತಾಸು ಮೋಟರ್ ಬಂದ್."

ಭಾವ ಕಾಯಿ ಕೈಯಲ್ಲೇ ಹಿಡಿದು ನಿಂತರು. "ಪಾಳಿ ಇರೂದು ಹೊಲಕ್ಕ, ನೀಲವ್ವಾ. ಹೆಣ್ಮಕ್ಕಳಿಗಲ್ಲ."

"ಹೊಲ ಒಣಗಿದ್ರ ನಿಮಗ ಕಾಣತೈತಿ. ನಾ ಒಳಗೊಳಗ ಹಾಳಾದ್ರ ಕಾಣೂದಿಲ್ಲ."

ನನ್ನ ಗಂಡ ಮೆಲ್ಲಗೆ, "ನನ್ನ ಪಾಳಿಯೊಳಗ ಎರಡ ತಾಸ ತಗೋ," ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ನಾನು ಬೇಡ ಎಂದೆ. "ನಿಮ್ಮದರಾಗ ಪಾಲು ಬ್ಯಾಡ್ರಿ. ನನ್ನ ಹೆಸರಲೇ ಬೇಕು."

ಅತ್ತೆ ಮನೆಗೆ ಹೊರಟವರು ತಿರುಗಿ ಬಂದರು. "ಈ ಬಾವಿ ತೋಡೂ ಮುಂದ ಹೊಟ್ಟ್ಯಾಗ ನಿನ್ನ ಇಟಗೊಂಡು ಮಣ್ಣಿನ ಬುಟ್ಟಿ ಹೊತ್ತಾಕಿ ನಾನು, ಭರಮ್ಯಾ," ಎಂದರು. "ಐವತ್ತ ವರ್ಷ ನಾ ಯಾವ ಪಾಳೀನೂ ಕೇಳಿಲ್ಲ. ನಂದಿಷ್ಟು ಇಕಿಗೆ ಕೊಡ್ರಿ."

ಭಾವ ಕಾಯಿ ಒಡೆದು, ಎರಡು ಹೋಳನ್ನೂ ಅಲ್ಲೇ ಇಟ್ಟು ಹೋದರು.

ಮರುದಿನ ಅವರ ಪಾಳಿ. ಬೆಳಗಿನ ಜಾವವೇ ಕರೆಂಟು ಬಂದಿತ್ತು. ನಾನೂ ಅತ್ತೆಯೂ ಹೋದಾಗ ಮೋಟರ್ ಭರ್ರೆಂದು ಓಡುತ್ತಿತ್ತು, ಕಬ್ಬಿನ ಸಾಲಿನಲ್ಲಿ ನೀರು ಹರಿಯುತ್ತಿತ್ತು. ನಾನು ಮೆಟ್ಟಿಲ ಮೇಲೆ ಕೂತೆ. ಮೋಟರ್ ನಿಲ್ಲದಿದ್ದರೆ ಇಳಿಯುವಂತಿಲ್ಲ, ಎದ್ದು ಹೋದರೆ ಇನ್ನೊಮ್ಮೆ ಕೇಳುವ ಧೈರ್ಯ ನನಗೆ ಬರುವುದಿಲ್ಲ ಎಂದು ಗೊತ್ತಿತ್ತು. ಅತ್ತೆ ಸುಮ್ಮನೆ ಹಗ್ಗ ಕಟ್ಟಿದರು.

ಆರಕ್ಕೆ ಮೋಟರ್ ನಿಂತಿತು.

ಭಾವ ಮೋಟರ್ ಕೋಣೆಯಿಂದ ಹೊರಗೆ ಬಂದರು. ನಮ್ಮ ಕಡೆ ನೋಡದೆ, ಕಬ್ಬಿನ ಕಡೆ ಮುಖ ಮಾಡಿ, "ಏಳಕ್ಕ ಮತ್ತ ಚಾಲೂ ಮಾಡತೇನಿ. ಒಂದ ಮಿನಿಟೂ ಹೆಚ್ಚಿಲ್ಲ," ಎಂದರು. ಹೋಗಲಿಲ್ಲ, ಬದುವಿನ ಮೇಲೆ ಬೆನ್ನು ಹಾಕಿ ಕೂತರು, ಕೈಯಲ್ಲಿ ಇನ್ನೊಂದು ಹಗ್ಗವಿತ್ತು.

ನಾನು ನೀರಿಗಿಳಿದೆ. ಮೇಲೆ ಬಂದಾಗ ಏಳು ಹೊಡೆದು ಐದು ನಿಮಿಷವಾಗಿತ್ತು, ಮೋಟರ್ ಇನ್ನೂ ನಿಂತೇ ಇತ್ತು.